ರೊಟ್ಟಿ ಕಡಿಮೆ ಬೀಳುವ ಮಂಗಳವಾರದವರಿಗೆ

ಮಾನ್ಯ ಮಂಗಳವಾರದವರ ಸನ್ನಿಧಾನಕ್ಕೆ,
ಸೋಮವಾರದ ಪಕ್ಕ, ಬುಧವಾರದ ಈಚೆ.

ಮಾನ್ಯರೇ,

ವಾರಕ್ಕೊಮ್ಮೆ ತಪ್ಪದೆ ದಯಮಾಡಿಸುವ, ಇಷ್ಟು ವರ್ಷಗಳಲ್ಲಿ ಒಂದು ದಿನವೂ ರಜೆ ಕೇಳದ, ನಮ್ಮೂರಿನ ಬಸ್ಸಿಗಿಂತ ಎಷ್ಟೋ ಪಾಲು ಹೊತ್ತಿಗೆ ಸರಿಯಾಗಿ ಬರುವ ತಮಗೆ ಮೊದಲು ನನ್ನ ನಮಸ್ಕಾರಗಳು. ನಾನು ಬಸವಕಲ್ಯಾಣದವನು, ಅರ್ಥಶಾಸ್ತ್ರದ ಎಂ.ಎ. ಎರಡನೆಯ ವರ್ಷದ ವಿದ್ಯಾರ್ಥಿ. ತಮ್ಮ ವಿರುದ್ಧ ಅರವತ್ತೆರಡು ಪುಟಗಳ ಸಂಶೋಧನಾ ವರದಿ ಬರೆದು, ರಟ್ಟು ಹಾಕಿಸಿ, ಮೇಲೆ ಬಂಗಾರದ ಬಣ್ಣದ ಅಕ್ಷರ ಹೊಡೆಸಿ, ಅದಕ್ಕೆ ವಿಭಾಗದ ಮೊದಲ ಬಹುಮಾನ ಗಿಟ್ಟಿಸಿಕೊಂಡ ಮಹಾನುಭಾವ ನಾನೇ. ಹೀಗಿದ್ದೂ ದೂರು ಕೊಡುವವನು ನಾನೇ ಆಗಿದ್ದೇನೆ, ಏಕೆಂದರೆ ತಮ್ಮ ಹೆಸರಿನಲ್ಲಿ ಅಷ್ಟು ದೊಡ್ಡ ಸುಳ್ಳು ಅಚ್ಚಾಗುತ್ತಿದ್ದಾಗ ತಾವು ತುಟಿ ಬಿಚ್ಚದೆ ಬಂದು ಹೋಗುತ್ತಿದ್ದದ್ದು ತಮ್ಮಂಥ ಹಿರಿಯರಿಗೆ ಒಪ್ಪುವ ನಡತೆಯಲ್ಲ.

ನಡೆದದ್ದನ್ನು ತಾವು ಬಲ್ಲಿರಿ, ಓದುಗರಿಗಾಗಿ ಹೇಳುತ್ತೇನೆ. ನಮ್ಮ ವಿಶ್ವವಿದ್ಯಾಲಯದಲ್ಲಿ ಪ್ರತಿ ವಿದ್ಯಾರ್ಥಿಯೂ ಹೊರಗಿನ ಒಂದು ಸಂಸ್ಥೆಯ ಜೊತೆ ಸೇರಿ, ಆ ಸಂಸ್ಥೆಗೆ ಉಪಯೋಗವಾಗುವ ಸಂಶೋಧನೆ ಮಾಡಬೇಕೆಂಬ ನಿಯಮವಿದೆ. ನನಗೆ ಸಿಕ್ಕಿದ್ದು ಹುಮನಾಬಾದಿನ ಒಂದು ಮಹಿಳಾ ರೊಟ್ಟಿ ಕೇಂದ್ರ. ಆರು ಒಲೆ, ಆರು ಮಂದಿ ಹೆಂಗಸರು. ಜೋಳದ ರೊಟ್ಟಿ ಬಡಿದು, ಖಡಕ್ ಮಾಡಿ, ಕಟ್ಟು ಕಟ್ಟಿ ಹೆದ್ದಾರಿಯ ಖಾನಾವಳಿಗಳಿಗೆ ಕಳಿಸುತ್ತಾರೆ. ದಿನಕ್ಕೆ ಎಷ್ಟು ರೊಟ್ಟಿ ಆಯಿತೆಂದು ವ್ಯವಸ್ಥಾಪಕ ಮಹಾರುದ್ರಪ್ಪನವರು ಸಂಜೆ ರಿಜಿಸ್ಟರಿನಲ್ಲಿ ಬರೆದಿಡುತ್ತಾರೆ. ಕೆಲಸ ಎಲ್ಲಿ ಸೋರುತ್ತಿದೆ ಎಂದು ಕಂಡುಹಿಡಿದು ಕೊಡುವುದು ನನ್ನ ಹೊಣೆಯಾಗಿತ್ತು. ವಿಭಾಗದವರು ಕ್ಷೇತ್ರಕಾರ್ಯಕ್ಕೆ ಬಿಟ್ಟುಕೊಟ್ಟ ದಿನ ತಾವೇ ಆದ್ದರಿಂದ ನಾಲ್ಕು ತಿಂಗಳು ತಮ್ಮ ಜೊತೆಜೊತೆಗೇ ನಾನು ಹುಮನಾಬಾದಿನಲ್ಲಿ ಇಳಿಯುತ್ತಿದ್ದೆ.

ಕೊನೆಗೆ ಆ ನಾಲ್ಕು ತಿಂಗಳ ರಿಜಿಸ್ಟರು ತೆರೆದ ಕೂಡಲೇ ತಾವು ಸಿಕ್ಕಿಬಿದ್ದಿರಿ. ಉಳಿದ ದಿನಗಳಲ್ಲಿ ಸಾವಿರದ ಇನ್ನೂರರ ಆಸುಪಾಸು ಇರುತ್ತಿದ್ದ ರೊಟ್ಟಿ ಮಂಗಳವಾರ ಬಂತೆಂದರೆ ಒಂಬೈನೂರು ದಾಟುತ್ತಿರಲಿಲ್ಲ. ಮಂಗಳವಾರ ದೇವಿಯ ವಾರ, ಉಪವಾಸ ಇರುತ್ತದೆ, ತಲೆಸ್ನಾನ ಇರುತ್ತದೆ, ಆದ್ದರಿಂದ ಕೆಲಸ ಹಿಂದೆ ಬೀಳುತ್ತದೆ ಎಂದು ಹನ್ನೆರಡು ಪುಟ ಬರೆದೆ. ಅಲ್ಲಿ ಹಿಟ್ಟು ನಾದುವ ಶಹಜಾದಿ ಬೀಯವರ ಕೆಲಸವೂ ಅದೇ ದಿನ ಅಷ್ಟೇ ಕುಸಿಯುತ್ತಿತ್ತು. ತಲೆಯಿದ್ದವನು ಅಲ್ಲಿಯೇ ನಿಂತು ಯೋಚಿಸುತ್ತಿದ್ದ, ನಾನು ಅದರ ಮೇಲೆ ಈ ಭಾಗದ ಸಾಮರಸ್ಯದ ಸಂಸ್ಕೃತಿ ಎಂದು ಇನ್ನೂ ನಾಲ್ಕು ಪುಟ ಬರೆದೆ. ಎರಡು ಮಂಗಳವಾರ ಮಾತ್ರ ಸಾವಿರದ ಇನ್ನೂರು ದಾಟಿ ನನ್ನ ನಕ್ಷೆಯ ಅಂದ ಕೆಡಿಸುತ್ತಿದ್ದುದರಿಂದ ಅವನ್ನು ಅಸಹಜ ಅಂಕಿಗಳೆಂದು ಕಿತ್ತುಹಾಕಿದೆ. ಮಾರ್ಗದರ್ಶಕರಾದ ದೇವಿದಾಸ ಸರ್ ನನ್ನ ಧೈರ್ಯವನ್ನು ಮೆಚ್ಚಿ ಬೆನ್ನು ತಟ್ಟಿದರು.

ಇನ್ನು ಆ ದಿನಗಳಲ್ಲಿ ನಾನು ಅಲ್ಲಿ ಮಾಡುತ್ತಿದ್ದ ಸೇವೆಯನ್ನು ನಿವೇದಿಸಿಕೊಳ್ಳುತ್ತೇನೆ. ನಾನು ಹೊಸ್ತಿಲು ದಾಟುತ್ತಿದ್ದಂತೆ ರೊಟ್ಟಿ ಬಡಿಯುವ ಸೂಗಮ್ಮನವರು ತಮ್ಮ ಒಲೆಯ ಮೇಲಿನ ಹಂಚು ಇಳಿಸಿ ಚಹಾಕ್ಕೆ ಇಡುತ್ತಿದ್ದರು. ಶಹಜಾದಿ ಬೀ ಹಿಟ್ಟಿನ ಕೈ ತೊಳೆದುಕೊಂಡು ಪಕ್ಕದ ಮನೆಯಿಂದ ನನಗೊಂದು ಕುರ್ಚಿ ತರುತ್ತಿದ್ದರು. ನನ್ನ ಬಳಿ ಎಂಬತ್ನಾಲ್ಕು ಪ್ರಶ್ನೆಗಳಿದ್ದವು, ಉತ್ತರ ಕೊಡುವವರು ಕೈ ನಿಲ್ಲಿಸಿ, ಸೆರಗು ಸರಿಮಾಡಿಕೊಂಡು, ನನ್ನ ಮುಖ ನೋಡಿಯೇ ಉತ್ತರ ಕೊಡುತ್ತಿದ್ದರು. ನಡುವೆ ನನಗಾಗಿ ಬಿಸಿ ರೊಟ್ಟಿ ಬರುತ್ತಿತ್ತು, ಒಂದು ಸಾಕೆಂದರೆ ನಾಲ್ಕು ಬರುತ್ತಿದ್ದವು, ಮಾರಾಟದ ಕಟ್ಟಿಗೆ ಸೇರದ ಕಾರಣ ಅವು ರಿಜಿಸ್ಟರಿಗೂ ಸೇರುತ್ತಿರಲಿಲ್ಲ. ಕೆಲಸ ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಹೋದವನು ಸೋರಿದ್ದನ್ನೇ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತ ಕುಳಿತಿದ್ದೆ.

ಕೇಂದ್ರ ನಡೆಸುವ ಸಮಿತಿಯವರು ವಿಭಾಗದಿಂದ ಬಂದ ವರದಿಯ ಕೊನೆಯ ಪುಟವನ್ನಷ್ಟೇ ಓದಿದರು. ಮಂಗಳವಾರ ಕೇಂದ್ರ ಮುಚ್ಚುವುದು ಲೇಸೆಂಬ ನನ್ನ ಶಿಫಾರಸು ಅಲ್ಲಿತ್ತು, ಅವರು ಮುಚ್ಚಿದರು. ಆರು ಮಂದಿಗೆ ವಾರದಲ್ಲಿ ಒಂದು ದಿನದ ಕೆಲಸ ಹೋಯಿತು. ಸೂಗಮ್ಮನವರು ಮೊಣಕಾಲು ನೋವಿನಿಂದಾಗಿ ಹೊಲದ ಕೆಲಸ ಬಿಟ್ಟು ರೊಟ್ಟಿಗೆ ಬಂದವರು, ಮಂಗಳವಾರಗಳಂದು ಮತ್ತೆ ಅದೇ ಮೊಣಕಾಲು ಊರಿ ಬೇರೆಯವರ ಹೊಲದಲ್ಲಿ ಕಳೆ ತೆಗೆಯತೊಡಗಿದರು.

ಇದೊಂದೂ ತಿಳಿಯದ ನಾನು ಆ ಹೆಂಗಸರಿಗೂ ವರದಿಯ ಒಂದು ಪ್ರತಿಯನ್ನು ಕೊಡಲು ಒಂದು ಬುಧವಾರ ಹೋದೆ. ಚಹಾ ಬಂತು, ಕುರ್ಚಿ ಬಂತು, ರೊಟ್ಟಿ ಬಂತು, ಬಂಗಾರದ ಅಕ್ಷರಗಳನ್ನು ಎಲ್ಲರೂ ಮುಟ್ಟಿ ನೋಡಿದರು. ಸಂಜೆ ಲೆಕ್ಕ ಬರೆಯುತ್ತಿದ್ದ ಮಹಾರುದ್ರಪ್ಪನವರು ಪೆನ್ನು ನಿಲ್ಲಿಸಿ, "ಇವತ್ತ ಬುಧವಾರ ಅದ, ಮತ್ತ ಮಂಗಳವಾರದ ಹಂಗ ಒಂಬೈನೂರ ಯಾಕ ಬಂತ್ರಿ ಇದು?" ಎಂದು ನನ್ನನ್ನೇ ಕೇಳಿದರು, ನಾನು ಅದರಲ್ಲಿ ಪಂಡಿತನಲ್ಲವೇ. ಆಗ ನನಗೆ ಕಿತ್ತುಹಾಕಿದ ಆ ಎರಡು ಮಂಗಳವಾರಗಳು ನೆನಪಾದವು. ಆ ಎರಡು ವಾರ ನಾನು ಜ್ವರ ಬಂದು ಬಸವಕಲ್ಯಾಣದ ಮನೆಯಲ್ಲಿ ಮಲಗಿದ್ದೆ.

ಮಾನ್ಯರೇ, ಆ ಕುರ್ಚಿಯನ್ನು ನಾನೇ ಹೊತ್ತುಕೊಂಡು ಹೋಗಿ ಪಕ್ಕದ ಮನೆಗೆ ಮರಳಿಸಿದೆ. ದೇವಿದಾಸ ಸರ್ ಅವರಿಗೆ ಹೇಳಿದಾಗ ಅವರು, ಬಹುಮಾನ ಘೋಷಣೆಯಾಗಿ ಹೋಗಿದೆ, ಹೆಚ್ಚಿನ ಸಂಶೋಧನೆ ಅಗತ್ಯವಿದೆ ಎಂಬ ಒಂದು ಸಾಲನ್ನು ಕೊನೆಗೆ ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಮಾಡಿದರು. ಎರಡು ದಿನ ನಾನೂ ಹಾಗೆಯೇ ಎಂದುಕೊಂಡೆ, ಆ ಎರಡು ದಿನಗಳನ್ನೂ ಈ ದೂರಿನಲ್ಲಿ ನನ್ನ ಹೆಸರಿಗೇ ಬರೆದುಕೊಳ್ಳಿ. ಮೂರನೆಯ ದಿನ ಬಹುಮಾನದ ಫಲಕವನ್ನು ವಿಭಾಗಕ್ಕೆ ಮರಳಿಸಿ, ಮಂಗಳವಾರ ರೊಟ್ಟಿ ಕಡಿಮೆಯಾಗಲು ಕಾರಣ ಸಂಶೋಧಕ ಎಂದು ಒಂದೇ ಹಾಳೆ ಬರೆದುಕೊಂಡು ಸಮಿತಿಯ ಮುಂದೆ ನಿಂತು ಓದಿದೆ. ನನ್ನ ಬರಹಗಳಲ್ಲಿ ಸಮಿತಿಯವರು ಪೂರ್ತಿ ಕೇಳಿಸಿಕೊಂಡದ್ದು ಅದೊಂದೇ. ಕೇಂದ್ರ ಈಗ ಮಂಗಳವಾರವೂ ತೆರೆದಿರುತ್ತದೆ.

ಆದರೆ ಆರು ಮಂಗಳವಾರಗಳು ಹೋಗಿಯೇ ಹೋದವು. ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಏನೆಂದರೆ, ತಾವು ದೊಡ್ಡ ಮನಸ್ಸು ಮಾಡಿ ಮುಂದಿನ ಆರು ವಾರ ಎರಡೆರಡು ಸಲ ದಯಮಾಡಿಸಬೇಕು. ಭಾನುವಾರದವರು ಒಪ್ಪಿದರೆ ಅವರ ಜಾಗದಲ್ಲೇ ಬರಬಹುದು, ಅದಕ್ಕೆ ಬೇಕಾದ ಅರ್ಜಿಯನ್ನು ಮೂರು ಪ್ರತಿಗಳಲ್ಲಿ ಬರೆದುಕೊಡಲು ನಾನು ಸಿದ್ಧನಿದ್ದೇನೆ.

ತಮ್ಮ ಮೌನವನ್ನು ಇಷ್ಟೆಲ್ಲ ಆಕ್ಷೇಪಿಸಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ನನ್ನಿಂದಲೇ ಕೆಲಸ ಕೆಡುತ್ತಿದೆ ಎಂದು ನಿಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲವೇ ಎಂದು ಸೂಗಮ್ಮನವರನ್ನು ಕೇಳಿದೆ. ಅವರು ರೊಟ್ಟಿ ಬಡಿಯುತ್ತಲೇ, "ಮೊದಲನೇ ವಾರನೇ ತಿಳದಿತ್ರಿ ನಮಗ. ಖರೆ, ಬಾಗಲಕ್ಕ ಬಂದವರಿಗಿ ನಿಮ್ಮಿಂದ ಕೆಲಸ ಕೆಡಾಕತ್ತದ ಅಂತ ಹ್ಯಾಂಗ ಹೇಳಬೇಕ್ರಿ?" ಎಂದರು.

ಇಂತಿ,
ತಮ್ಮ ವಿಶ್ವಾಸಿ, ತಮ್ಮ ವಿಶ್ವಾಸಕ್ಕೆ ಸದ್ಯಕ್ಕೆ ಅರ್ಹನಲ್ಲದ,
ಮಚ್ಚೇಂದ್ರ
ಬಸವಕಲ್ಯಾಣ

ಮರೆತ ಮಾತು: ಮುಂದಿನ ತಂಡದಿಂದ ನಮ್ಮ ವಿಭಾಗದ ಕ್ಷೇತ್ರಕಾರ್ಯ ಗುರುವಾರಕ್ಕೆ ಬದಲಾಗಿದೆ. ನನ್ನ ಒಂದು ಹಾಳೆಯನ್ನು ಓದಿ ತುಂಬ ಪ್ರಭಾವಿತರಾದ ದೇವಿದಾಸ ಸರ್, ಸಂಶೋಧಕರು ಹೋಗಿ ಕುಳಿತರೆ ಕೆಲಸ ಎಷ್ಟು ಕೆಡುತ್ತದೆ ಎಂಬುದನ್ನು ಸರಿಯಾಗಿ ಅಳೆಯಲು ಹನ್ನೊಂದು ಮಂದಿ ಸಂಶೋಧಕರನ್ನು ಅದೇ ಕೇಂದ್ರಕ್ಕೆ ಕಳಿಸುತ್ತಿದ್ದಾರೆ. ಗುರುವಾರದವರಿಗೆ ತಾವೇ ಒಂದು ಮಾತು ಮುಟ್ಟಿಸಿದರೆ ಉಪಕಾರವಾಗುತ್ತದೆ.