ಮೋರಿ ಗ್ಯಾಲರಿಗೆ ಬಂದ ಬೆಲೆ

ನಮ್ಮೂರಲ್ಲಿ ಮರ್ಯಾದೆ ಕಳೆದುಕೊಳ್ಳೋಕೆ ಮೊದಲೆಲ್ಲ ವರ್ಷಕ್ಕೆ ಒಂದೋ ಎರಡೋ ಅವಕಾಶ ಸಿಗುತ್ತಿತ್ತು. ಫುಟ್‌ಬಾಲ್ ಮ್ಯಾಚು ಫೋನಿನಲ್ಲಿ ಲೈವ್ ಬರೋಕೆ ಶುರುವಾದ ಮೇಲೆ ಟೂರ್ನಮೆಂಟು ನಡೆಯುವಷ್ಟು ದಿನವೂ ಸಂಜೆ ನಾಲ್ಕಕ್ಕೆ ಸರಿಯಾಗಿ ಯಾರಾದರೊಬ್ಬರದು ಹೋಗುತ್ತದೆ. ನಾನು ಮೈದಾನದ ಗೇಟಿನ ಪಕ್ಕ ಟೀ, ಬೇಯಿಸಿದ ಕಡಲೆಕಾಯಿ ಮಾರುವವಳು. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟೆ. ಯಾರು ಯಾರ ಜೊತೆ ಒಳಗೆ ಹೋದರು, ಯಾರ ಜೊತೆ ಹೊರಗೆ ಬಂದರು ಅಂತ ತಿಳಿಯೋಕೆ ಅಷ್ಟು ಓದು ಸಾಕು. ಈಗ ನಗುತ್ತಾ ಹೇಳುತ್ತಿದ್ದೇನೆ. ಆವಾಗ ನನ್ನ ವ್ಯಾಪಾರವೇ ನಿಂತುಹೋಗುವ ಹಾಗಿತ್ತು.

ಕ್ಲಬ್ಬಿನ ಮೀಟಿಂಗು

ಮೊದಲು ನಮ್ಮ ಟೂರ್ನಮೆಂಟಿನ ಗೋಲುಗಳನ್ನಷ್ಟೇ ಕೇಬಲ್‌ನವನು ರಾತ್ರಿ ತೋರಿಸುತ್ತಿದ್ದ. ಅಂಗಡಿಗಳ ಜಾಹೀರಾತಿನ ದುಡ್ಡೆಲ್ಲ ಅವನಿಗೆ, ಕ್ಲಬ್ಬಿಗೆ ವರ್ಷಕ್ಕೊಂದು ಗೋಡೆ ಗಡಿಯಾರ. ಕ್ಲಬ್ಬಿನ ರೂಮಿನಲ್ಲಿ ಈಗ ಗೋಡೆಗಿಂತ ಗಡಿಯಾರ ಜಾಸ್ತಿ. ಒಂದು ಹೇಳುವ ಟೈಮು ಇನ್ನೊಂದು ಹೇಳುವುದಿಲ್ಲ.

ಈ ಸಲ ಅಧ್ಯಕ್ಷರು, ಬಸ್‌ಸ್ಟ್ಯಾಂಡಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು, ಮಧ್ಯದವನೇ ಬೇಡ ಅಂದರು. ಕ್ಲಬ್ಬೇ ಕ್ಯಾಮೆರಾ ಇಡುತ್ತದೆ, ಇಪ್ಪತ್ತು ರೂಪಾಯಿ ಕಟ್ಟಿದವರ ಫೋನಿಗೆ ಮ್ಯಾಚು ನೇರ ಬರುತ್ತದೆ, ದುಡ್ಡು ನೇರ ಕ್ಲಬ್ಬಿಗೆ. ಗಲ್ಫಿನಲ್ಲಿರುವ ನಮ್ಮವರೆಲ್ಲ ನೋಡುತ್ತಾರೆ ಅಂತ ಅವರ ಲೆಕ್ಕ.

ಸೆಕ್ರೆಟರಿ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು, ಎಲ್ಲದಕ್ಕೂ ಅನುಮಾನ. "ಗಲ್ಫಿನವರು ನೋಡ್ತಾರೆ ಸರಿ ಅಣ್ಣ, ಪಕ್ಕದ ಬೀದಿಯವರೂ ಇಪ್ಪತ್ತಕ್ಕೇ ನೋಡಿದ್ರೆ ಐವತ್ತು ಕೊಟ್ಟು ಗ್ಯಾಲರಿಗೆ ಬರೋರು ಯಾರು?" ಅಂದರು.

ಗ್ಯಾಲರಿ ಕಟ್ಟುವ ಆಚಾರಿಗೆ, ರೆಫರಿಗೆ, ಹೊರಗಿಂದ ಬರುವ ಆಟಗಾರರಿಗೆ, ಎಲ್ಲಕ್ಕೂ ಗೇಟಿನ ದುಡ್ಡೇ ಆಗಬೇಕು. ಗ್ಯಾಲರಿ ಖಾಲಿ ಹೊಡೆದರೆ ಮುಂದಿನ ವರ್ಷದಿಂದ ಟೂರ್ನಮೆಂಟೇ ಬಂದ್ ಅಂತ ಅಧ್ಯಕ್ಷರೂ ಒಪ್ಪಿಕೊಂಡರು. ಟೂರ್ನಮೆಂಟು ಬಂದಾದರೆ ನನ್ನ ಟೀ ಕುಡಿಯುವವರಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾನು ಊರಿನ ಸುದ್ದಿ ತಿಳಿಯೋಕೆ ಎಲ್ಲಿಗೆ ಹೋಗಲಿ? ಮೀಟಿಂಗಿಗೆ ಟೀ ತಂದವಳು, ನನಗೂ ಅಭಿಪ್ರಾಯ ಉಂಟು, ಹೇಳಲಾ ಅಂದೆ. ಅಧ್ಯಕ್ಷರು, "ನಿಮ್ಮ ಅಭಿಪ್ರಾಯ ನಾಳೆ ಊರಿಗೆಲ್ಲ ಗೊತ್ತಾಗುತ್ತೆ ಅಜ್ಜಿ, ನಾವೂ ಆಗಲೇ ಕೇಳ್ತೀವಿ" ಅಂದುಬಿಟ್ಟರು.

ಒಂದು ಫೋನು, ಒಂದು ಬೆಡ್‌ಶೀಟು

ಮೊದಲನೇ ಮ್ಯಾಚಿಗೆ ಗ್ಯಾಲರಿಯಲ್ಲಿ ಜನಕ್ಕಿಂತ ಹಲಗೆ ಕಾಣುತ್ತಿತ್ತು. ಫೋನಿನ ಲೆಕ್ಕ ನೋಡಿದರೆ ಅಲ್ಲೂ ಅಷ್ಟಕ್ಕಷ್ಟೆ. ಹಾಗಾದರೆ ಜನ ಎಲ್ಲಿ ಹೋದರು?

ವಿಷಯ ನನಗೆ ಮೊದಲು ಸಿಕ್ಕಿತು, ಇನ್ಯಾರಿಗೆ ಸಿಗಬೇಕು. ಚೆಟ್ಟಳ್ಳಿ ರಸ್ತೆಯ ಒಂದು ಎಸ್ಟೇಟಿನಲ್ಲಿ ರೈಟರು, ಅಂದರೆ ಹಾಜರಿ ಬರೆಯುವ ಗುಮಾಸ್ತ, ತನ್ನ ಒಂದು ಫೋನಿಗೆ ಇಪ್ಪತ್ತು ಕಟ್ಟಿದ್ದಾನೆ. ಮದುವೆ ಫೋಟೋದವನಿಂದ ಪ್ರೊಜೆಕ್ಟರ್ ತಂದು, ಕಾಫಿ ಗೋಡೌನಿನ ಕಿಟಕಿ ಮುಚ್ಚಿ, ಹೆಂಡತಿಯ ಬೆಡ್‌ಶೀಟು ಕಟ್ಟಿದ್ದಾನೆ. ಲೈನುಮನೆಯ ಕೂಲಿಯವರೆಲ್ಲ ಅಲ್ಲಿ. ತಲೆಗೆ ಐದು ರೂಪಾಯಿ ವಸೂಲಿ ಬೇರೆ.

ಅಧ್ಯಕ್ಷರು ಜೀಪು ಹತ್ತಿ ಹೊರಟರು. ಅವನ ಬೆಡ್‌ಶೀಟು ಕಿತ್ತು ಅವನಿಗೇ ಹೊದಿಸಿ ಬರ್ತೀನಿ ಅಂತ ಗೇಟಿನಲ್ಲಿ ಎಲ್ಲರೆದುರು ಹೇಳಿಹೋದವರು ಮ್ಯಾಚು ಮುಗಿದರೂ ಬರಲಿಲ್ಲ. ಬಂದ ಮೇಲೆ ನಾನೇ ಟೀ ಕೊಟ್ಟು, ಚೆನ್ನಾಗಿ ಬೈದ್ರಾ ಅಂತ ಕೇಳಿದೆ. ಲೋಟ ನೋಡುತ್ತಾ ಹೇಳಿದರು: "ಇಲ್ಲಿ ಸ್ಟೇಜಿನಿಂದ ನೋಡಿದ್ದಕ್ಕಿಂತ ಅಲ್ಲೇ ಚೆನ್ನಾಗಿ ಕಾಣುತ್ತೆ ಅಜ್ಜಿ. ಬಾಗಿಲಲ್ಲಿ ನನ್ನ ಹತ್ರಾನೂ ಐದು ರೂಪಾಯಿ ತಗೊಂಡ."

ಜ್ವರದ ಮೇಸ್ತ್ರಿ

ನಮ್ಮ ಮೈದಾನಕ್ಕೆ ಎರಡು ಗ್ಯಾಲರಿ. ಒಂದು ಮರಗಳ ಕೆಳಗೆ, ನೆರಳಿನಲ್ಲಿ. ಅದಕ್ಕೆ ಐವತ್ತು ರೂಪಾಯಿ. ಅದರ ಎದುರಿಗಿರುವುದು ಮೀನು ಮಾರ್ಕೆಟ್ಟಿನ ಮೋರಿಗೆ ಬೆನ್ನು ಹಾಕಿದ ಗ್ಯಾಲರಿ. ಅದಕ್ಕೆ ಮೂವತ್ತು, ಅದೂ ಮೂಗು ಮುಚ್ಚಿಕೊಂಡು. ಕ್ಯಾಮೆರಾ ಇಟ್ಟಿದ್ದು ಮೋರಿ ಗ್ಯಾಲರಿಯ ತಲೆಯ ಮೇಲೆ, ನೀರಿನ ಟ್ಯಾಂಕಿನ ಹತ್ತಿರ. ಹಾಗಾಗಿ ಆಟದ ಜೊತೆಗೆ ನೆರಳು ಗ್ಯಾಲರಿಯಲ್ಲಿ ಕೂತವರ ಮುಖವೆಲ್ಲ ಫೋನಿನಲ್ಲಿ ಬರುತ್ತಿತ್ತು. ಇದು ಒಂದು ವಾರ ಯಾರ ತಲೆಗೂ ಹೊಳೆಯಲಿಲ್ಲ.

ಒಂದು ತೋಟದ ಮೇಸ್ತ್ರಿ ಜ್ವರ ಅಂತ ರಜಾ ಹಾಕಿ ನೆರಳಲ್ಲಿ ಬಂದು ಕೂತಿದ್ದ. ತೋಟದ ಯಜಮಾನರು ಬಾಳೆಲೆ ಊರಿನಲ್ಲಿ ನೆಂಟರ ಮದುವೆಗೆ ಹೋದವರು ಊಟದ ಸಾಲಿನಲ್ಲಿ ಫೋನು ತೆರೆದಿದ್ದಾರೆ. ಗೋಲು ಬಿತ್ತು, ಮೇಸ್ತ್ರಿ ಬೆಂಚಿನ ಮೇಲೆ ಹತ್ತಿ ಟವೆಲು ಬೀಸಿದ. ಅವನ ಫೋನು ಹೊಡೆದುಕೊಂಡಿತು. ಅದೇ ಹೊತ್ತಿಗೆ ನಾನು ಕಡಲೆಕಾಯಿ ಬುಟ್ಟಿ ಹಿಡಿದು ಪಕ್ಕದಲ್ಲೇ ಇದ್ದೆ, ದೇವರು ದೊಡ್ಡವನು.

ಜ್ವರ ಹೇಗಿದೆ ಅಂತ ಯಜಮಾನರು ವಿಚಾರಿಸಿದರು. ಇವನು ಗಂಟಲು ಸಣ್ಣ ಮಾಡಿಕೊಂಡು, ಏಳೋಕೇ ಆಗ್ತಿಲ್ಲ ಸಾರ್, ಕಂಬಳಿ ಹೊದ್ದು ಮಲಗಿದ್ದೀನಿ ಅಂದ. ಯಜಮಾನರ ಮಾತು ನನಗೂ ಸ್ಪಷ್ಟವಾಗಿ ಕೇಳಿತು: "ಹಾಗಾದ್ರೆ ಮೊದಲು ಬೆಂಚಿನಿಂದ ಇಳಿದು ಮಲಗು ಮಾರಾಯ, ಹಿಂದಿನವರಿಗೆ ಆಟ ಕಾಣ್ತಾ ಇಲ್ಲ."

ವಾಸನೆಗೆ ನೂರು ರೂಪಾಯಿ

ಮಾರನೇ ದಿನ ನೆರಳು ಗ್ಯಾಲರಿ ಭಣಭಣ. ಮೋರಿ ಗ್ಯಾಲರಿಯಲ್ಲಿ ಮಾತ್ರ ಕಾಲಿಡೋಕೆ ಜಾಗವಿಲ್ಲ. ಬ್ಯಾಂಕಿಗೆ ಹೋದವರು, ಆಸ್ಪತ್ರೆಗೆ ಹೋದವರು, ಬೀಗರನ್ನು ಬಸ್ಸು ಹತ್ತಿಸೋಕೆ ಹೋದವರು, ಎಲ್ಲ ಅಲ್ಲೇ. ಕ್ಯಾಮೆರಾ ತಲೆಯ ಮೇಲೇ ಇದ್ದರೆ ತಲೆ ಕಾಣುವುದಿಲ್ಲವಲ್ಲ.

ಸೆಕ್ರೆಟರಿ ಮೇಷ್ಟ್ರು ಅನುಮಾನದವರಾದರೂ ದಡ್ಡರಲ್ಲ. ಮೋರಿ ಗ್ಯಾಲರಿಗೆ ಅರವತ್ತು ಮಾಡಿದರು, ಜನ ಗೊಣಗದೆ ಕೊಟ್ಟರು. ಎಂಬತ್ತು ಮಾಡಿದರು, ಚಿಲ್ಲರೆ ಬೇಡ ಇಟ್ಕೊಳ್ಳಿ ಅಂದರು. ಸೆಮಿಫೈನಲ್ಲಿಗೆ ನೂರು. ನೆರಳಿಗೆ ಇಪ್ಪತ್ತಕ್ಕೆ ಇಳಿಸಿದರೂ ಕೇಳುವವರಿಲ್ಲ. ಟಿಕೆಟ್ ಕೌಂಟರಿನಲ್ಲಿ ಒಬ್ಬರು ಪರ ಊರಿನವರು, ಅಲ್ಲಿ ಮೀನಿನ ನಾತ ಹೊಡೆಯುತ್ತಲ್ಲ, ನೂರು ಯಾಕೆ ಅಂತ ಕೇಳಿದರು. ಅದೇ ಸ್ಪೆಷಲ್ ಅಂದರು ಮೇಷ್ಟ್ರು.

ನನಗೆ ಮಾತ್ರ ಹಬ್ಬ. ನಮ್ಮ ಬೀದಿಯ ಅಣ್ಣತಮ್ಮಂದಿರಿಬ್ಬರು ಬೇಲಿಯ ಜಗಳಕ್ಕೆ ಕೋರ್ಟು ಹತ್ತಿದವರು, ವರ್ಷಗಳಿಂದ ಮಾತಿಲ್ಲ. ಅವರ ಹೆಂಡತಿಯರಂತೂ ಗಂಡಂದಿರ ಪರವಾಗಿ ನಲ್ಲಿಯ ಹತ್ತಿರ ಕೊಡದಲ್ಲೇ ಹೊಡೆದಾಡಿದ್ದಾರೆ. ಆ ಇಬ್ಬರೂ ಬೇರೆ ಬೇರೆ ಟಿಕೆಟು ತಗೊಂಡು, ಮೊದಲು ಒಬ್ಬ, ಸ್ವಲ್ಪ ಬಿಟ್ಟು ಇನ್ನೊಬ್ಬ ಒಳಗೆ ಹೋಗಿ, ಮೇಲಿನ ಸಾಲಿನಲ್ಲಿ ಒಂದೇ ಪೊಟ್ಟಣದಿಂದ ಕಡಲೆಕಾಯಿ ತಿನ್ನುತ್ತಾ ಕೂತಿದ್ದರು. ನಾನು ಬುಟ್ಟಿ ಇಳಿಸಿ ಅವರ ಮುಂದೆಯೇ ನಿಂತೆ. ದೊಡ್ಡವನು ಸಿಪ್ಪೆ ಉಗಿದು ಹೇಳಿದ: "ಕೇಸು ಅದರ ಪಾಡಿಗೆ ನಡೀಲಿ ಅಜ್ಜಿ. ಅದು ಹೆಂಗಸರಿಗೆ ಇಷ್ಟ."

ಫೈನಲ್ಲು

ಇಷ್ಟಾದರೂ ಅಧ್ಯಕ್ಷರ ಮುಖ ಸಪ್ಪಗಿತ್ತು. ಅರ್ಧ ಮೈದಾನದ ದುಡ್ಡು ಬಂದಿದೆ, ಅರ್ಧ ಇಲ್ಲ. ಫೈನಲ್ಲಿಗೆ ಎರಡೂ ಗ್ಯಾಲರಿ ತುಂಬಿದರೆ ಉಳಿದೆವು, ಇಲ್ಲದಿದ್ದರೆ ಇದೇ ಕೊನೆ ಅಂದರು. ನಾನು ಆ ದಿನ ಟೀಗೆ ಸಕ್ಕರೆ ಹಾಕಿದೆನೋ ಉಪ್ಪು ಹಾಕಿದೆನೋ, ನೆನಪಿಲ್ಲ.

ಗೇಟು ತೆಗೆದ ಕೂಡಲೇ ಎರಡು ಜೀಪು ಬಂದು ನಿಂತವು. ಇಳಿದವರೆಲ್ಲ ಹೆಂಗಸರು, ಹಾರಂಗಿ ನಾಲೆಯ ಕಡೆಯ ಸ್ವಸಹಾಯ ಸಂಘದವರು. ತಲೆಗೆ ಸೆರಗು ಎಳೆದುಕೊಂಡು, ನೂರು ನೂರು ಕೊಟ್ಟು ನೇರ ಮೋರಿ ಗ್ಯಾಲರಿ ಹತ್ತಿದರು. ಗಂಡಂದಿರನ್ನು ಹಿಡಿಯೋಕೆ ಬಂದಿದ್ದಾರೆ, ಇವತ್ತು ಆಟ ಗ್ಯಾಲರಿಯಲ್ಲೇ ಅಂತ ನಾನು ಟೀ ವ್ಯಾಪಾರ ಪಕ್ಕದವಳಿಗೆ ವಹಿಸಿ ಒಳಗೆ ಓಡಿದೆ.

ಗಂಡಸರು ಬಂದರು. ಅದರಲ್ಲಿ ಒಬ್ಬ ಶುಂಠಿ ಬೆಳೆಯುವವನು, ಮೆಟ್ಟಿಲು ಹತ್ತಿ ಜಾಗ ಹುಡುಕುತ್ತಾ ಹೆಂಡತಿಯ ಎದುರಿಗೇ ನಿಂತುಬಿಟ್ಟ. ಹೆಂಡತಿ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು.

"ನೀನು ಸಂಘದ ಮೀಟಿಂಗು ಅಂದಿದ್ದೆ."

"ನೀವು ಪಂಪಿನ ಸಾಮಾನು ತರ್ತೀನಿ ಅಂದಿದ್ರಿ. ಸಿಕ್ತಾ?"

ಅವನು ಹಿಂದೆ ನೋಡಿದ, ಮುಂದೆ ನೋಡಿದ. ಆ ನೆರಳಿಗಾದರೂ ಹೋಗಿ ಕೂರಬಾರದಿತ್ತಾ, ಇಲ್ಲಿಗೇ ಬರಬೇಕಾ ಅಂತ ಹಲ್ಲು ಕಚ್ಚಿಕೊಂಡು ಕೇಳಿದ.

"ಅಲ್ಲಿ ಕೂತರೆ ನಿಮ್ಮಮ್ಮ ಮನೇಲಿ ಫೋನಲ್ಲಿ ನೋಡ್ತಾರೆ ಕಣ್ರಿ," ಅಂದಳು.

ಅವನಿಗೆ ಜೀವ ಬಂತು. "ನಾನೂ ಅದಕ್ಕೇ ಇಲ್ಲಿಗೆ ಬಂದಿದ್ದು. ಸ್ವಲ್ಪ ಸರಿದು ಕೂತ್ಕೋ."

ಸುತ್ತಲೂ ಇದೇ ಕತೆ. ಗಂಡ ಹೆಂಡತಿಯನ್ನು ಕೇಳುವ ಹಾಗಿಲ್ಲ, ಹೆಂಡತಿ ಗಂಡನನ್ನು ಕೇಳುವ ಹಾಗಿಲ್ಲ. ಬೈಗುಳ ಕೇಳೋಕೆ ಬಂದ ನನಗೆ ಒಂದು ಬೈಗುಳವೂ ಸಿಗಲಿಲ್ಲ. ಇಡೀ ಗ್ಯಾಲರಿ ಅಷ್ಟು ಮರ್ಯಾದೆಯಿಂದ ಆಟ ನೋಡಿದ್ದು ನಾನು ಕಂಡಿಲ್ಲ.

ಆಮೇಲೆ ಬಂದವರಿಗೆ ಮೋರಿ ಕಡೆ ಜಾಗವಿಲ್ಲ. ಬೇರೆ ದಾರಿಯಿಲ್ಲದೆ ನೆರಳಿಗೆ ಹೋದರು, ಹೋಗಿ ಎಲ್ಲರೂ ಕೊಡೆ ಬಿಚ್ಚಿಕೊಂಡರು. ಮಳೆಯಿಲ್ಲ, ಮರದ ಕೆಳಗೆ ಬಿಸಿಲೂ ಇಲ್ಲ, ಸಾಲುಸಾಲು ಕೊಡೆ. ಗಲ್ಫಿನಿಂದ ಯಾರೋ ಫೋನು ಮಾಡಿ, ಊರಲ್ಲಿ ಮಳೆ ಶುರುವಾಯ್ತಾ ಅಂತ ಸಂತೋಷಪಟ್ಟರಂತೆ.

ಆಟ ಮುಗಿದು ಬಹುಮಾನ ಕೊಟ್ಟಾದ ಮೇಲೆ ಅಧ್ಯಕ್ಷರು ಮೈಕು ಹಿಡಿದರು. ಎರಡೂ ಗ್ಯಾಲರಿ ತುಂಬಿ ಕ್ಲಬ್ಬು ಉಳಿಯಿತು, ಮುಂದಿನ ವರ್ಷವೂ ಟೂರ್ನಮೆಂಟು ಉಂಟು ಅಂದರು. ಅಲ್ಲಲ್ಲಿ ಚಪ್ಪಾಳೆ ಬಿತ್ತು. ನಾನು ಮಾತ್ರ ಸೆರಗಲ್ಲಿ ಕಣ್ಣು ಒರೆಸಿಕೊಂಡೆ. ಆಮೇಲೆ, ಒಬ್ಬರು ದಾನಿಗಳು ನೆರಳು ಗ್ಯಾಲರಿಯ ಮೇಲೂ ಒಂದು ಕ್ಯಾಮೆರಾ ಪುಕ್ಕಟೆ ಕೊಡ್ತೀನಿ ಅಂದಿದ್ದಾರೆ ಅಂದರು. ಮೋರಿ ಗ್ಯಾಲರಿಯವರೆಲ್ಲ ಸೆರಗು, ಟವೆಲು ಮುಖಕ್ಕೆ ಎಳೆದುಕೊಂಡರು. ಮೋರಿಯಲ್ಲಿ ನೀರು ಹರಿಯುವುದು ಕೇಳುತ್ತಿತ್ತು.

"ಬೇಡ ಅಂತ ಕೈ ಮುಗಿದು ಹೇಳಿದ್ದೀವಿ," ಅಂದರು ಅಧ್ಯಕ್ಷರು.

ಆಗ ಎದ್ದ ಕೂಗಿಗೆ ಗ್ಯಾಲರಿಯ ಹಲಗೆಗಳು ಕುಣಿದವು. ಶೂ ಬಿಚ್ಚಿ, ಬರಿಗಾಲಲ್ಲಿ ನೀರು ಕುಡಿಯುತ್ತಾ ಕೂತಿದ್ದ ಗೋಲ್‌ಕೀಪರು ಗಾಬರಿ ಬಿದ್ದು ಎದ್ದು, ಗೋಲಿನ ಕಡೆಗೆ ಓಡಿದ.