ಕಲ್ಲುಸೇತುವೆ ಕೆಳಗಿನ ಟ್ರೌಟ್ ಮೀನಿಗೆ, ಮಾವನವರ ಹಲ್ಲಿನ ಸೆಟ್ಟಿನ ವಿಚಾರವಾಗಿ

ಕಲ್ಲುಸೇತುವೆಯ ಎರಡನೆಯ ಕಮಾನಿನ ನೆರಳಿನಲ್ಲಿ ಖಾಯಂ ವಾಸವಾಗಿರುವ ಟ್ರೌಟ್ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದೂ, ತಮ್ಮ ಮೈಮೇಲಿನ ಕೆಂಪು ಚುಕ್ಕೆಗಳಲ್ಲಿ ಒಂದೂ ಮಾಸಿಲ್ಲವೆಂದೂ, ತಮ್ಮ ಹೊಳೆಯ ನೀರು ಮನುಷ್ಯರ ಮೂಳೆ ಕೊರೆಯುವಷ್ಟು ತಣ್ಣಗೆ ಎಂದಿನಂತೆ ಹರಿಯುತ್ತಿದೆಯೆಂದೂ ನಂಬಿ, ಸಮುದ್ರದಾಚೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ತಮಗೆ ನನ್ನ ಗುರುತು ಹತ್ತದಿರಬಹುದು. ಕಳೆದ ತಿಂಗಳು ಒಂದು ಬೆಳಿಗ್ಗೆ ತಮ್ಮ ಮನೆಯಂಗಳದಲ್ಲಿ ಸೊಂಟದವರೆಗಿನ ರಬ್ಬರ್ ಬೂಟು ತೊಟ್ಟು, ಮೂರು ಗಂಟೆ ಹೊತ್ತು ದಾರ ಬೀಸಿ, ಕೊನೆಗೆ ಕುತ್ತಿಗೆಯವರೆಗೂ ನೀರಿನಲ್ಲಿ ಕುಳಿತವನು ನಾನೇ. ಖಾಸಗಿಯಾಗಿ ತಮ್ಮ ಮೂಗಿನ ಮುಂದಿಟ್ಟ ಅರವತ್ತೊಂದು ಮನವಿಗಳನ್ನೂ ತಾವು ಕಣ್ಣೆತ್ತಿ ನೋಡಿ ತಿರಸ್ಕರಿಸಿದ್ದರಿಂದ, ಬೇರೆ ದಾರಿ ಕಾಣದೆ ಈ ಬಹಿರಂಗ ಪತ್ರಕ್ಕೆ ಇಳಿದಿದ್ದೇನೆ.

ನನ್ನ ಕಸುಬು ಹಲ್ಲು ಕಟ್ಟುವುದು. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನದೊಂದು ಕೋಣೆಯಿದೆ. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಅಲ್ಲಿಗೆ ಕಳಿಸುತ್ತಾರೆ. ನಾನು ಮೇಣದಲ್ಲಿ ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ವಸಡು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತೇನೆ. ಇಪ್ಪತ್ತಾರು ವರ್ಷಗಳಲ್ಲಿ ನನ್ನ ಹಲ್ಲುಗಳು ಎಷ್ಟೋ ಊಟ ಜಗಿದಿವೆ, ಎಷ್ಟೋ ಜಗಳ ಆಡಿವೆ, ಒಂದೆರಡು ಸಲ ಯಾರನ್ನೋ ಕಚ್ಚಿ ಪೊಲೀಸ್ ಠಾಣೆಯನ್ನೂ ನೋಡಿ ಬಂದಿವೆ. ಆದರೆ ಅವುಗಳನ್ನು ಮಾಡಿದವನನ್ನು ಹುಡುಕಿಕೊಂಡು ಮಹಡಿ ಹತ್ತಿದವರು ಕೇಳಿದ್ದು ಒಂದೇ ಪ್ರಶ್ನೆ: "ಯಾವಾಗ ಕೊಡ್ತೀರಿ?"

ಹೀಗಿರುವಾಗ ಒಂದು ದಿನ, ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಅಚ್ಚುಗಳಿಗಾಗಿ ಕಾಯುತ್ತ ಕುಳಿತವನು, ಅಲ್ಲಿದ್ದ ಹಳೆಯ ಪತ್ರಿಕೆಯೊಂದರಲ್ಲಿ ತಮ್ಮ ಬಂಧುಗಳೊಬ್ಬರ ಚಿತ್ರ ಕಂಡೆ. ನಿಜ ಹೇಳಬೇಕೆಂದರೆ ನನ್ನ ಕಣ್ಣು ನೆಟ್ಟದ್ದು ಮೀನಿನ ಮೇಲಲ್ಲ, ಅದನ್ನು ಹಿಡಿಯಲೆಂದು ಹೊಳೆಯ ನಡುವೆ ನಿಂತಿದ್ದ ಮನುಷ್ಯನ ಮೇಲೆ. ಅವನ ಸುತ್ತ ಒಂದು ಫರ್ಲಾಂಗಿನೊಳಗೆ ಅವನನ್ನು ಮಾತಾಡಿಸುವ ನರಪಿಳ್ಳೆಯೂ ಇರಲಿಲ್ಲ. ಆ ಗಳಿಗೆಯಿಂದಲೇ ನಾನು ತಮ್ಮ ಭಕ್ತನಾದೆ.

ಶಾಲೆಯಲ್ಲಿ ಭೂಗೋಳ ಪಾಠ ಮಾಡುವ ನನ್ನ ಹೆಂಡತಿ, ತಮ್ಮ ದೇಶಕ್ಕೆ ಹತ್ತು ದಿನದ ಪ್ರವಾಸವನ್ನು ಆಗಲೇ ಗೊತ್ತು ಮಾಡಿದ್ದಳು. ಅಲ್ಲಿನ ದೊಡ್ಡ ನಗರವೊಂದರಲ್ಲಿ ಅವಳ ಸೋದರತ್ತೆ, ಎಂದರೆ ನನ್ನ ಮಾವನವರ ಅಕ್ಕ, ನೆಲೆಸಿದ್ದಾರೆ. ಅಕ್ಕನೂ ತಮ್ಮನೂ ಪರಸ್ಪರ ಮುಖ ನೋಡಿ ಮೂವತ್ತೊಂದು ವರ್ಷಗಳಾಗಿದ್ದವು. ಅಕ್ಕನಿಗೆ ಎಂಬತ್ತೆರಡು, ತಮ್ಮನಿಗೆ ಎಪ್ಪತ್ತೆಂಟು, ಇನ್ನು ಮುಂದೂಡುವಂತಿರಲಿಲ್ಲ. ಏಳು ದಿನ ಸೋದರತ್ತೆಯ ಮನೆ, ಅದಕ್ಕೂ ಮುಂಚಿನ ಮೂರು ದಿನ ನನಗೆ ಮತ್ತು ತಮಗೆ ಎಂದು ಹೆಂಡತಿ ಹಂಚಿಕೊಟ್ಟಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಯಾವ ನಕಾಶೆಯಲ್ಲೂ ಅವಳು ನನಗಾಗಿ ಗೆರೆ ಎಳೆದದ್ದು ಅದೇ ಮೊದಲು.

ಆ ಮೂರು ದಿನಕ್ಕೆ ನಾನು ಎಂಟು ತಿಂಗಳು ತಯಾರಿ ನಡೆಸಿದೆ. ತಾವು ಯಾವ ತಿಂಗಳು, ಎಷ್ಟು ಹೊತ್ತಿಗೆ, ಯಾವ ಹುಳ ಸೇವಿಸುತ್ತೀರಿ ಎಂಬುದನ್ನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ತಮ್ಮ ಹೊಳೆಯ ನಕಾಶೆಯನ್ನು ಊಟದ ಮೇಜಿನ ಗಾಜಿನಡಿ ಹಾಸಿದ್ದರಿಂದ, ನಾವು ಮನೆಯವರೆಲ್ಲ ಎಂಟು ತಿಂಗಳು ತಮ್ಮ ಉಪನದಿಗಳ ಮೇಲೆ ತಟ್ಟೆಯಿಟ್ಟು ಉಂಡೆವು. ಕೊಕ್ಕೆಗೆ ನೂಲು, ಗರಿ, ಪಾಲಿಶ್ ಬ್ರಷ್ಷಿನ ಕೂದಲು ಸುತ್ತಿ, ಹಲ್ಲಿನ ಮೇಣ ಸವರಿ, ತಮಗೆ ಆಮಿಷವಾಗಿ ನಲವತ್ತು ನಕಲಿ ನೊಣಗಳನ್ನು ಮಾಡಿದೆ. ಅವುಗಳಲ್ಲಿ ಒಂದು ಎಷ್ಟು ಜೀವಂತವಾಗಿತ್ತೆಂದರೆ ಹೆಂಡತಿ ಅದನ್ನು ಚಪ್ಪಲಿಯಿಂದ ಹೊಡೆದಳು. ಇನ್ನು ದಾರ ಬೀಸುವ ಅಭ್ಯಾಸ ತಾರಸಿಯ ಮೇಲೆ ನಡೆಯಿತು. ಪಕ್ಕದ ಮನೆಯ ನಿವೃತ್ತ ಅಂಚೆ ನೌಕರರ ಎರಡು ಹೊದಿಕೆ, ಒಂದು ಪೈಜಾಮ, ಕೊನೆಗೆ ಕಾಲರಿನ ಸಮೇತ ಸ್ವತಃ ಅವರೇ ಸಿಕ್ಕಿಬಿದ್ದರು. ಸಿಕ್ಕ ಮೀನನ್ನು ಮರ್ಯಾದೆಯಿಂದ ಬಿಟ್ಟುಬಿಡಬೇಕೆಂಬ ತಮ್ಮ ಹೊಳೆಯ ನಿಯಮವನ್ನು ನಾನು ಅವರ ವಿಷಯದಲ್ಲೂ ಪಾಲಿಸಿದೆ.

ಇದನ್ನೆಲ್ಲ ನೋಡುತ್ತಿದ್ದ ಮಾವನವರು ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ಮೂರು ವರ್ಷದ ಹಿಂದೆ ಅವರ ಹೆಂಡತಿ ತೀರಿಕೊಂಡ ಮೇಲೆ ನಮ್ಮ ಜೊತೆಯೇ ಇದ್ದಾರೆ. ಅಂದಿನಿಂದ ಅವರು ನಕ್ಕಿದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಒಂದು ದಿನ ನೋಟ್‌ಬುಕ್ಕಿನ ಮೇಲೆ ಕಣ್ಣಾಡಿಸಿ, "ಅಳಿಯಂದ್ರೇ, ನೀವು ಬರ್ತಿರೋ ವಿಷಯ ಮೀನಿಗೂ ತಿಳಿಸಿದ್ದೀರಾ? ಇಲ್ಲಾಂದ್ರೆ ಅದು ಇನ್ನೆಲ್ಲಾದ್ರೂ ಹೋಗಿಬಿಟ್ಟಿರುತ್ತೆ" ಎಂದರು. ಅವರ ಮೇಲಿನ ಕೆಳಗಿನ ಹಲ್ಲಿನ ಸೆಟ್ಟುಗಳನ್ನು ಒಂಬತ್ತು ವರ್ಷದ ಹಿಂದೆ ನಾನೇ ಮಾಡಿಕೊಟ್ಟಿದ್ದೆ. ಹೇಗಿವೆ ಎಂದು ಕೇಳಿದಾಗಲೆಲ್ಲ "ಪರವಾಗಿಲ್ಲ" ಎನ್ನುವುದನ್ನು ಬಿಟ್ಟರೆ, ಆ ಹಲ್ಲುಗಳ ನಡುವಿನಿಂದ ಅವುಗಳ ಬಗ್ಗೆ ಎರಡನೆಯ ಮಾತು ಹೊರಟಿರಲಿಲ್ಲ.

ಇನ್ನು ಆ ದಿನದ ವಿಚಾರ. ತಾವು ಮನೆಯಲ್ಲೇ ಇದ್ದಿರಿ, ಅದಕ್ಕೆ ಕೃತಜ್ಞ. ಮೊಳಕೈಯಷ್ಟು ಉದ್ದದ ದೇಹ, ಬಾಲದ ತುದಿಯಲ್ಲಿ ಕತ್ತರಿಸಿದಂಥ ಒಂದು ಕಚ್ಚು, ಸರ್ಕಾರಿ ಕಚೇರಿಯ ಹಿರಿಯ ಗುಮಾಸ್ತರಂಥ ನಿಶ್ಚಲತೆ. ನಾನು ಒಂದೊಂದೇ ನೊಣವನ್ನು ತಮ್ಮ ಮುಂದೆ ತೇಲಿಬಿಟ್ಟೆ, ನಲವತ್ತೂ ಮುಗಿದ ಮೇಲೆ ಮತ್ತೆ ಮೊದಲಿನಿಂದ. ತಾವು ಪ್ರತಿಯೊಂದನ್ನೂ ಪರಿಶೀಲಿಸಿದಿರಿ, ಯಾವುದಕ್ಕೂ ಸಹಿ ಹಾಕಲಿಲ್ಲ. ಅರವತ್ತೊಂದನೆಯದಕ್ಕೆ ತಾವು ಮೇಲೆ ಬಂದು ಬಾಯಿ ತೆರೆದಾಗ ನಾನೂ ಬಾಯಿ ತೆರೆದೆ. ತಾವು ನನ್ನ ನೊಣದ ಪಕ್ಕದಲ್ಲಿದ್ದ ನಿಜವಾದ ನೊಣವನ್ನು ನುಂಗಿ, ನನ್ನದನ್ನು ಬಾಲದಿಂದ ಅತ್ತ ಸರಿಸಿ ಕೆಳಗಿಳಿದಿರಿ. ಆ ಅವಮಾನದಲ್ಲಿ ಒಂದು ಹೆಜ್ಜೆ ಹಿಂದಿಟ್ಟೆ. ಕಾಲಡಿಯ ಕಲ್ಲು ಜಾರಿ, ನಾನು ಕುರ್ಚಿಯಲ್ಲಿ ಕೂರುವ ಹಾಗೆ ಹೊಳೆಯಲ್ಲಿ ಕುಳಿತೆ, ಬೂಟಿನೊಳಗೆ ನೀರು ಗಳಗಳನೆ ತುಂಬಿಕೊಂಡಿತು.

ಸೇತುವೆಯ ಮೇಲೆ ನಿಂತು ನೋಡುತ್ತಿದ್ದ ಮಾವನವರು ನಕ್ಕರು. ಕಟ್ಟೆಗೆ ಹೊಟ್ಟೆಯೊತ್ತಿ, ತಲೆ ಮುಂದೆ ಬಾಗಿಸಿ, ಮೂರು ವರ್ಷದ್ದನ್ನೆಲ್ಲ ಒಟ್ಟಿಗೆ ನಕ್ಕರು. ಆ ನಗುವಿನ ರಭಸಕ್ಕೆ ಮೇಲಿನ ಸೆಟ್ಟು ಕಳಚಿ, ಬಿಸಿಲಿನಲ್ಲಿ ಒಮ್ಮೆ ಮಿನುಗಿ, ತಮ್ಮ ಮೂಗಿನ ಮುಂದೆಯೇ ಬಿತ್ತು. ಬೆಳಗಿನಿಂದ ಏನನ್ನೂ ಮುಟ್ಟದ ತಾವು ಬಾಣದಂತೆ ನುಗ್ಗಿ, ಅದರ ಅಂಚನ್ನು ಕಚ್ಚಿಕೊಂಡು ಬಂಡೆಯ ಕೆಳಗಿನ ಮಡುವಿಗೆ ಹೋಗಿಬಿಟ್ಟಿರಿ. ತಮ್ಮ ಅಭಿರುಚಿಯನ್ನು ಮೆಚ್ಚಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಕೈಕೆಲಸದಲ್ಲಿ ತಾವು ಬಾಯಿಗೆ ಹಾಕಿಕೊಂಡದ್ದು ಅದೊಂದೇ.

ನಾನೂ ನನ್ನ ಹೆಂಡತಿಯೂ ಎರಡು ಗಂಟೆ ಆ ನೀರಿನಲ್ಲಿ ತಡಕಾಡಿದೆವು. ಒಂದು ಬಾಟಲಿ, ಒಂದು ಕೊಡೆಯ ಹಿಡಿ, ಮಗುವಿನ ಒಂಟಿ ಬೂಟು ಸಿಕ್ಕವು. ಮಾವನವರು ಕಟ್ಟೆಯ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಕುಳಿತಿದ್ದರು. ಇಳಿದುಕೊಂಡಿದ್ದ ವಸತಿಗೃಹಕ್ಕೆ ಮರಳಿದ ಮೇಲೆ ಊಟದ ಕೋಣೆಗೆ ಬರಲೊಪ್ಪಲಿಲ್ಲ. ಮಗಳು ಕೊಂಡೊಯ್ದ ಸೂಪನ್ನು ಗೋಡೆಯ ಕಡೆ ತಿರುಗಿ ಕುಡಿದರು. ಆಮೇಲೆ ಟವೆಲಿನ ಮರೆಯಿಂದ, "ನನ್ನನ್ನ ವಾಪಸು ವಿಮಾನಕ್ಕೆ ಹತ್ತಿಸಿ. ಅಕ್ಕ ಕೊನೇ ಸಲ ನನ್ನ ನೋಡಿದಾಗ ಮೂವತ್ತೆರಡೂ ಇದ್ವು. ಹೀಗೆ ಹೋಗಿ ಅವಳ ಮುಂದೆ ನಿಲ್ಲಲ್ಲ" ಎಂದರು. ಹೆಂಡತಿ ಏನೋ ಹೇಳಹೋದಳು. ಅವರು ಟವೆಲನ್ನು ಕಣ್ಣಿನವರೆಗೂ ಎಳೆದುಕೊಂಡರು.

ಮಾನ್ಯರೇ, ನನಗೆ ಇನ್ನೂ ಎರಡು ದಿನ ಬಾಕಿಯಿದ್ದವು. ನೋಟ್‌ಬುಕ್ಕಿನ ನೂರ ನಲವತ್ತನೆಯ ಪುಟದಿಂದ ಮುಂದೆ ಇದ್ದದ್ದೆಲ್ಲ ಆ ಎರಡು ದಿನಗಳೇ. ನಾನು ಅದನ್ನು ಮುಚ್ಚಿ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಇದನ್ನು ತ್ಯಾಗವೆಂದು ತಾವು ತಿಳಿಯಬಾರದು. ಅಷ್ಟು ಹೊತ್ತಿಗೆ ನೋಟ್‌ಬುಕ್ಕೂ ಒದ್ದೆಯಾಗಿತ್ತು.

ವಸತಿಗೃಹದ ಒಡತಿಯನ್ನು ವಿಚಾರಿಸಿದಾಗ, ಬೇಕರಿಯ ಹಿಂದಿನ ಓಣಿಯಲ್ಲಿ ಹಲ್ಲು ಕಟ್ಟುವ ಹೆಂಗಸೊಬ್ಬರಿದ್ದಾರೆಂದು ತಿಳಿಯಿತು. ಅರವತ್ತು ದಾಟಿದವರು, ದಪ್ಪ ಕನ್ನಡಕ, ಏಪ್ರನ್ ತುಂಬ ಪ್ಲಾಸ್ಟರಿನ ಕಲೆ. ಅವರ ಭಾಷೆ ಅಲ್ಪಸ್ವಲ್ಪ ಬಲ್ಲ ನನ್ನ ಹೆಂಡತಿ ವಿಷಯ ವಿವರಿಸುವಷ್ಟರಲ್ಲೇ ಅವರು ನನ್ನ ಬಲಗೈ ಹಿಡಿದು, ಹೆಬ್ಬೆರಳಿನ ಮೇಲಿನ ಬಿಸಿಮೇಣದ ಸುಟ್ಟ ಗಾಯ ನೋಡಿದರು. ತಮ್ಮ ಹೆಬ್ಬೆರಳು ತೋರಿಸಿದರು. ಅಲ್ಲೂ ಅದೇ ಇತ್ತು. ಒಂದು ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿ ದೀಪ ಹಾಕಿದರು.

ಅವರ ಗೋಡೆಯ ಮೇಲೆ ತಮ್ಮ ಭಾವಚಿತ್ರ ಕಂಡೆ. ಬಾಲದ ಕಚ್ಚಿನಿಂದ ಗುರುತು ಹಿಡಿದೆ. ಆ ಮಹಾತಾಯಿಯ ತೋಳಿನಲ್ಲಿ ತಾವು ಬಾಯಿ ತೆರೆದುಕೊಂಡು ಮಲಗಿದ್ದಿರಿ. ಒಂದಲ್ಲ, ಮೂರು ಬೇಸಿಗೆ ಅವರಿಗೆ ಸಿಕ್ಕಿಬಿದ್ದಿರಂತೆ, ಪ್ರತಿ ಸಲವೂ ಮುತ್ತು ಕೊಟ್ಟು ನೀರಿಗೆ ಬಿಟ್ಟರಂತೆ. ನನ್ನ ನೊಣಗಳ ಡಬ್ಬಿಯನ್ನು ಅವರಿಗೆ ತೋರಿಸಿದೆ. ಒಂದನ್ನು ಚಿಮಟದಲ್ಲಿ ಎತ್ತಿ, ಬೆಳಕಿಗೆ ಹಿಡಿದು ನೋಡಿ, "ಹಲ್ಲಿಗೆ ಒಳ್ಳೆ ಕೈ" ಎಂದರಂತೆ. ಅನುವಾದ ನನ್ನ ಹೆಂಡತಿಯದು. ಮೂಲ ಇದಕ್ಕಿಂತ ಉದ್ದವಾಗಿತ್ತು.

ಎರಡು ದಿನ ನಾವಿಬ್ಬರೂ ಒಂದೇ ಮೇಜಿನಲ್ಲಿ ಕೆಲಸ ಮಾಡಿದೆವು. ಮಾವನವರ ಅಚ್ಚು ತೆಗೆದು, ಪ್ಲಾಸ್ಟರ್ ಹುಯ್ದು, ಆ ಹೆಂಗಸಿನ ಡ್ರಾಯರಿನಿಂದ ಹಲ್ಲು ಆರಿಸಿದೆವು. ಆ ದೇಶದ ಹಲ್ಲುಗಳು ಉದ್ದ, ಮೇಲಾಗಿ ಟ್ಯೂಬ್‌ಲೈಟಿನಷ್ಟು ಬಿಳಿ. ಮಾವನವರ ಕೆಳಗಿನ ಸಾಲಿಗೆ ಹೊಂದುವ ಹಳದಿ ಡ್ರಾಯರಿನ ಕಟ್ಟಕಡೆಯ ಮೂಲೆಯಲ್ಲಿ ಸಿಕ್ಕಿತು. ಮೇಣದ ಸೆಟ್ಟನ್ನು ಬಾಯಿಗಿಟ್ಟು ನೋಡಿದಾಗ "ಸ" ಅಕ್ಷರ ಶಿಳ್ಳೆಯಾಗಿ ಹೊರಟಿತು. "ಮಾವ, ಸಾಸಿವೆ ಅನ್ನಿ" ಎಂದೆ. ಅವರು ಅಂದರು. ಮುಂದಿನ ಎರಡು ಹಲ್ಲನ್ನು ಕೂದಲೆಳೆಯಷ್ಟು ಒಳಗೆ ಸರಿಸಿ ಮತ್ತೆ ಹೇಳಿಸಿದೆ. ಹತ್ತನೆಯ ಸಲಕ್ಕೆ ಶಿಳ್ಳೆ ನಿಂತಿತು. ಪಕ್ಕದಲ್ಲಿದ್ದ ಆ ಹೆಂಗಸೂ ತಮ್ಮಷ್ಟಕ್ಕೆ "ಸಾಸಿವೆ, ಸಾಸಿವೆ" ಎಂದುಕೊಳ್ಳುತ್ತಿದ್ದರು.

ಮಾವನವರು ಎರಡು ದಿನವೂ ಸ್ಟೂಲಿನಿಂದ ಕದಲಲಿಲ್ಲ. ನಾನು ಕೆಲಸ ಮಾಡುವುದನ್ನು ಅವರು ನೋಡಿದ್ದೇ ಅದು ಮೊದಲ ಸಲ. ಎರಡನೆಯ ದಿನ ಮಧ್ಯಾಹ್ನ, ನಾನು ಅರ ಹಿಡಿದು ಅಂಚು ಉಜ್ಜುತ್ತಿದ್ದಾಗ ಹೇಳಿದರು:

"ಅಳಿಯಂದ್ರೇ, ಒಂದು ಮಾತು. ಬೇಜಾರು ಮಾಡ್ಕೋಬೇಡಿ. ಇಷ್ಟು ವರ್ಷ ನೀವು ಇದನ್ನ ರೆಡಿಮೇಡ್ ತಂದು ಕೊಡ್ತೀರಿ ಅಂದ್ಕೊಂಡಿದ್ದೆ. ಕೆಳಗಡೆ ಅಂಗಡೀಲಿ ಚಪ್ಪಲಿ ಕೊಡ್ತಾರಲ್ಲ, ಹಾಗೆ. ಆರು, ಏಳು, ಎಂಟು ನಂಬರು."

ನಾನು ಉಜ್ಜುತ್ತಲೇ ಇದ್ದೆ. ಆ ಹೊತ್ತಿಗೆ ತಲೆಯೆತ್ತಿದ್ದರೆ ಅಂಚು ಹಾಳಾಗುತ್ತಿತ್ತು ಎಂದು ತಾವು ತಿಳಿದುಕೊಂಡರೆ ನನ್ನ ಅಭ್ಯಂತರವಿಲ್ಲ.

ಅದೇ ದಿನ ಸಂಜೆ ಸೆಟ್ಟು ಸಿದ್ಧವಾಯಿತು. ರೈಲಿಗೆ ಇನ್ನೂ ಒಂದು ಗಂಟೆಯಿತ್ತು. "ಹೋಗಿ ಬನ್ರೀ, ಒಂದು ಸಲ ನೋಡ್ಕೊಂಡು ಬನ್ನಿ" ಎಂದಳು ಹೆಂಡತಿ. ಬಂದಿದ್ದೆ. ತಾವು ಮನೆಯಲ್ಲಿರಲಿಲ್ಲ.

ಸೋದರತ್ತೆಯ ಮನೆ ನಾಲ್ಕನೆಯ ಮಹಡಿಯಲ್ಲಿತ್ತು. ಮಾವನವರು ಲಿಫ್ಟಿನ ಬಾಗಿಲು ಸರಿಯಾಗಿ ಕೂರುತ್ತಿಲ್ಲವೆಂದು ಮೂರು ಸಲ ಮೇಲೆ ಕೆಳಗೆ ಓಡಾಡಿದರು. ಅದು ಸರಿಯಾಗಿಯೇ ಕೂರುತ್ತಿತ್ತು. ಕೊನೆಗೆ ಹೆಂಡತಿಯೇ ಗಂಟೆ ಒತ್ತಿದಳು. ಬಾಗಿಲು ತೆರೆದ ಮುದುಕಿ ತಮ್ಮನನ್ನು ನೆತ್ತಿಯಿಂದ ಬೂಟಿನವರೆಗೆ ನೋಡಿದರು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು, "ಬಂದ್ಯಾ. ಹಲ್ಲೆಲ್ಲ ಹಾಗೇ ಉಳಿಸ್ಕೊಂಡಿದ್ದೀಯಲ್ಲೋ, ಪುಣ್ಯವಂತ. ನನ್ನವು ಒಂದೂ ಇಲ್ಲ" ಎಂದರು.

ಮಾವನವರು ಸುಮ್ಮನೆ ನಕ್ಕು ಒಳಗೆ ಹೋಗಬಹುದಿತ್ತು. ಅದಕ್ಕೆಂದೇ ಅಲ್ಲವೇ ನಾವು ಎರಡು ದಿನ ಬೆವರು ಸುರಿಸಿದ್ದು. ಅವರು ಹೊಸ್ತಿಲಲ್ಲೇ ನಿಂತು, ಬಾಯಿಗೆ ಕೈ ಹಾಕಿ, ಮೇಲಿನ ಸೆಟ್ಟನ್ನು ಕಳಚಿ ಅಕ್ಕನ ಮುಂದೆ ಹಿಡಿದರು. "ನನ್ನವೂ ಇಲ್ಲ ಅಕ್ಕಾ. ಇದು ನಮ್ಮ ಅಳಿಯಂದ್ರು ಮಾಡಿದ್ದು. ಒಂದೊಂದೇ ಹಲ್ಲು ಕೂರಿಸಿ ಮಾಡ್ತಾರೆ, ನೋಡು. ರೆಡಿಮೇಡ್ ಅಲ್ಲ." ಅಕ್ಕ ಬಾಯಿಯಿಂದ ಕೈ ತೆಗೆದರು. ಮೆಟ್ಟಿಲಿಳಿಯುತ್ತಿದ್ದ ನೆರೆಯವರೊಬ್ಬರು, ಬಾಗಿಲಲ್ಲಿ ಕೈ ಕೈ ಹಿಡಿದು ಬೋಳು ವಸಡು ತೋರಿಸಿ ನಗುತ್ತಿದ್ದ ಇಬ್ಬರನ್ನು ಕಂಡು, ಗೋಡೆಗಂಟಿಕೊಂಡು ದಾಟಿಹೋದರು.

ಆಮೇಲೆ ಅಕ್ಕನವರು ಒಂದು ಲೋಟದಿಂದ ತಮ್ಮ ಸೆಟ್ಟು ತೆಗೆದು, "ಇದು ಲೊಡಲೊಡ ಅನ್ನುತ್ತೆ, ಅದಕ್ಕೇ ಹಾಕಲ್ಲ. ಸ್ವಲ್ಪ ನೋಡಪ್ಪ" ಎಂದು ನನ್ನ ಕೈಗಿಟ್ಟರು. ಮರುದಿನ ಎರಡನೆಯ ಮಹಡಿಯವರು ತಮ್ಮದನ್ನು ತಂದರು. ಅದರ ಮರುದಿನ ಎದುರು ಕಟ್ಟಡದಿಂದ ಇಬ್ಬರು ಮುದುಕರು ಬಂದರು. ನನ್ನ ವಿದೇಶ ಪ್ರವಾಸದ ಉಳಿದ ಏಳು ದಿನವೂ ಒಂದು ಅಡುಗೆಮನೆಯ ಮೇಜಿನಲ್ಲಿ ಕಳೆದವು, ಅರ ಕೈಯಲ್ಲಿ. ಮಾವನವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಬಂದವರನ್ನು ಸರದಿಯಲ್ಲಿ ಕೂರಿಸಿ, ಎಲ್ಲರಿಗೂ "ಸಾಸಿವೆ" ಹೇಳಿಕೊಡುತ್ತಿದ್ದರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳಿಷ್ಟೇ. ಆ ಸೆಟ್ಟನ್ನು ತಾವೇ ಇಟ್ಟುಕೊಳ್ಳಬಹುದು. ಆದರೆ ದಿನವೂ ಬ್ರಷ್ ಮಾಡತಕ್ಕದ್ದು, ರಾತ್ರಿ ಕಳಚಿ ನೀರಿನಲ್ಲಿಡತಕ್ಕದ್ದು. ಈ ಎರಡನೆಯದಕ್ಕೆ ತಮಗೆ ವಿಶೇಷ ಅನುಕೂಲವಿದೆ. ಇನ್ನು ಮುಂದೆ ಎಂಟು ತಿಂಗಳು ತಯಾರಾಗಿ ಬಂದವರನ್ನು ಕಂಡರೆ ಒಂದು ಸಲವಾದರೂ ಸುಳ್ಳೇ ಕಚ್ಚುವ ಸೌಜನ್ಯ ತೋರಬೇಕೆಂದೂ, ಹೊರಗೆ ಹೋಗುವುದಿದ್ದರೆ ಸೇತುವೆಯ ಕಂಬಕ್ಕೆ ಚೀಟಿ ಅಂಟಿಸಿ ಹೋಗಬೇಕೆಂದೂ ಪ್ರಾರ್ಥನೆ.

ಕುತ್ತಿಗೆಯವರೆಗೂ ಮುಳುಗಿದ ಮೇಲೂ
ತಮ್ಮ ವಿಶ್ವಾಸಿ,
ಹಲ್ಲು ಕಟ್ಟುವವನು

ತಾ.ಕ.: ತಮ್ಮ ಹೊಳೆಯ ಉಸ್ತುವಾರಿ ಕಚೇರಿಯಿಂದ ನಿನ್ನೆ ಒಂದು ಅರ್ಜಿ ನಮೂನೆ ಅಂಚೆಯಲ್ಲಿ ಬಂತು. "ಹಿಡಿದ ಮೀನುಗಳ ಸಂಖ್ಯೆ" ಎಂಬಲ್ಲಿ ಸೊನ್ನೆ ಬರೆದೆ. "ಹೊಳೆಯಲ್ಲಿ ಬಿಟ್ಟುಬಂದ ವಸ್ತುಗಳಿದ್ದಲ್ಲಿ ವಿವರ" ಎಂಬಲ್ಲಿ "ಹಲ್ಲು, ಹದಿನಾಲ್ಕು" ಎಂದು ಬರೆದು, ಈಗ ಅವು ಯಾರ ಬಾಯಲ್ಲಿವೆ ಎಂಬುದನ್ನೂ ವಿಳಾಸ ಸಮೇತ ನಮೂದಿಸಿದ್ದೇನೆ. ವಿಚಾರಣೆಗೆ ಬಂದಾಗ ದಯವಿಟ್ಟು ಬಾಯಿ ಬಿಡಿ.