ಬಾಜೂಮನಿ ಸೊಸಿ ಕೀಲಿಕೈಗೆ ಹೊಸ ವಿಳಾಸ

ಗಜೇಂದ್ರಗಡದಾಗ ನಮ್ಮ ಓಣಿ ಅಂದ್ರ ಹಂಗಽ. ಒಬ್ಬರ ಮನ್ಯಾಗ ಸೀನಿದ್ರ ಮೂರು ಮನಿ ಆಚೆ ಮಂದಿ ಕಷಾಯ ಕುದಿಯಾಕ ಇಡತಾರ. ನಾ ಸಾಲಿ ಕಲತದ್ದು ಎರಡನೇತ್ತಾ. ಆದ್ರ ನನ್ನ ಕಟ್ಟಿ ದಾಟಿ ಹೋಗೋ ಸುದ್ದಿ ಇನ್ನೂ ಹುಟ್ಟಿಲ್ಲ. ಅಂಥಾ ನನ್ನ ತಲಿನೂ ಗಿರ್ ಅನಿಸಿದ್ದು ಬಾಜೂಮನಿ ಸೊಸಿ ವಿಳಾಸದ ಭಾನಗಡಿ.

ಒಂದು: ಅಳಸಾಕ ಬರೂದಿಲ್ಲ

ಈ ಸೊಸಿ ಮನ್ಯಾಗಽ ಕುಂತು ಕಂಪ್ಯೂಟರಿನ್ಯಾಗ ದೂರದ ದವಾಖಾನಿಗಳ ಕಾಗದ ಕನ್ನಡಕ್ಕ ಮಾಡತಾಳ. ರೋಗಿಗಳ ಗುಟ್ಟು ಯಾರೂ ಓದಬಾರದಂತ ಅವರು ಕಾಗದಕ್ಕ ಕೀಲಿ ಹಾಕಿ ಕಳಸತಾರ. ತಗಿಯೋ ಕೀಲಿಕೈ ಈಕಿ ಒಬ್ಬಾಕಿ ಹತ್ರ, ಅದೂ ಕಂಪ್ಯೂಟರಿನ ಒಳಗಽ. ಯಾರೂ ಓದಬಾರದಂತ! ಕೇಳೇ ನನಗ ಹೊಟ್ಟಿ ಉರೀತು.

ಒಂದಿನ ಮಾರಿ ಸಣ್ಣ ಮಾಡಕೊಂಡು ಕುಂತಿದ್ಲು. "ಏನಾತಽ ಯವ್ವಾ?" ಅಂದೆ.

"ಆಯೀ, ನನ್ನ ಕೀಲಿಕೈಗೆ ಹಳೇ ಆಫೀಸಿನ ಇಮೇಲ್ ವಿಳಾಸ ಹಚ್ಚೈತಿ. ಆ ನೌಕರಿ ಬಿಟ್ಟೀನಲ್ರಿ, ಶನಿವಾರ ಸಂಜಿ ಆರಕ್ಕ ಆ ವಿಳಾಸ ಬಂದ್. ಅಷ್ಟರಾಗ ಹೊಸಾದು ಜೋಡಸಲಿಲ್ಲಾಂದ್ರ ದವಾಖಾನಿಯವರು ಕೆಲಸ ಬ್ಯಾರೇದವರಿಗೆ ಕೊಡತಾರ."

"ಅದಕ್ಕ ಇಷ್ಟ್ಯಾಕ? ಹಳೇ ಚೀಟಿ ಕಿತ್ತು ಹೊಸಾದು ಹಚ್ಚು."

"ಕೀಳಾಕ ಬರೂದಿಲ್ರಿ. ಒಮ್ಮೆ ಮಂದಿ ಮುಂದ ಇಟ್ಟದ್ದು ಅಳಸೂದಿಲ್ಲ. 'ಇದು ಇನ್ನ ನಡಿಯೂದಿಲ್ಲ' ಅಂತ ಬಾಜೂಕ ಬರಿಬೇಕು, ಅಷ್ಟಽ."

ಇದು ಮಾತ್ರ ನನಗ ಪಟ್ನ ತಿಳೀತು. ಹಿಂದಿನ ಓಣಿ ಒಬ್ಬಾಕಿ ಹರೇದಾಗ ಗಂಡನ ಮ್ಯಾಲ ಸಿಟ್ಟಿಗೆದ್ದು ರೋಣದ ಬಸ್ ಹತ್ತಿದ್ಲು, ಸಂಜೀಕ ಹೊಳ್ಳಿ ಬಂದ್ಲು. ಈಗ ಮೊಮ್ಮಕ್ಕಳ ಲಗ್ನ ಆಗ್ಯಾವು, ಇವತ್ತಿಗೂ ಆಕಿ "ಓಡಿಹೋದಾಕಿ". ಬಾಜೂಕ "ಹೊಳ್ಳಿ ಬಂದ್ಲು" ಅಂತ ಬರಿಯೋ ಪುಣ್ಯಾತ್ಮ ಒಬ್ಬನೂ ಸಿಕ್ಕಿಲ್ಲ.

ಎರಡು: ನಲವತ್ತು ಅಂಕಿ

ಹೊಸ ವಿಳಾಸ ಈಕಿದಽ ಅಂತ ದವಾಖಾನಿಯವರು ನಂಬೋ ಒಬ್ಬರು ಸಹಿ ಹಾಕಬೇಕಂತ. ನರಗುಂದದ ಕಾಲೇಜಿನ್ಯಾಗ ಕಲಸೋ ಒಬ್ಬ ಬಾಯಾರು ಒಪ್ಪಿದ್ರು. ಈಕಿನ್ನ ಅವರು ಕಣ್ಣಿಲೆ ಕಂಡವರಲ್ಲ. ಶನಿವಾರ ಮನಿಗೆ ಬಂದು ಮಾರಿ, ಕಾರ್ಡ್ ನೋಡಿ ಸಹಿ ಹಾಕತೀನಿ, ಮೊದಲ ಫೋನಿನ್ಯಾಗ ಕೀಲಿಕೈ ಗುರುತು ಓದು ಅಂದ್ರು. ಈಕಿ ಮಾಳಗಿ ಮ್ಯಾಲ ನಿಂತು ಜೋರಾಗಿ ಓದಿದ್ಲು: "ನಾಕು, ಏಳು, ಎ, ಒಂಬತ್ತು, ಸಿ, ಎರಡು…" ಅಂಕಿ, ಅಕ್ಷರ ಕೂಡಿ ನಲವತ್ತು.

ನಾ ಏನು ತಿಳಕೋಬೇಕು? ಮಟಕಾ ನಂಬರ್! ಯಾರಿಗೂ ಹೇಳಲಿಲ್ಲ ಮತ್ತ, ಚಹಾದಂಗಡಿಯಂವಗ ಒಬ್ಬಂವಗಽ ಅಂದೆ. ಸಂಜಿಯೊಳಗ ಓಣಿಗೆ ಓಣಿನಽ ನಲವತ್ತೂ ಬಾಯಿಪಾಠ ಮಾಡಿತ್ತು. ನಲವತ್ತೇಳಕ್ಕ ಹಚ್ಚಿದ ಚಹಾದಂಗಡಿಯಂವಗ ನಂಬರ್ ಹತ್ತಿ ರೊಕ್ಕ ಬಂದಽ ಬಿಡಬೇಕ!

ಮರುದಿನ ಸೊಸಿ ಬಾಗಲಕ್ಕ ಮಂದಿ. "ಅಕ್ಕಾರಽ, ಇವತ್ತಿನ ನಂಬರ್ ಹೇಳ್ರಿ."

ಪಾಪ, ಈಕಿಗೆ ಮಟಕಾ ಎಲ್ಲಿ ಗೊತ್ತು? "ಅದು ಬದಲಾಗೂದಿಲ್ರಿ. ವಿಳಾಸ ಬದಲಾದ್ರೂ ಗುರುತು ಅದಽ."

"ದಿನಾ ಅದಽ ನಂಬರ್ ಏನ್ರಿ?"

"ಹುಟ್ಟಿದಾಗಿಂದ ಕಡೀತನಕ ಅದಽ."

ಚಹಾದಂಗಡಿಯಂವ ಹಣಿ ಬಡಕೊಂಡ. "ಹಂಗಾದ್ರ ಆಡಸಾವ್ರು ಉಪಾಸ ಸಾಯತಾರಲ್ರಿ ಅಕ್ಕಾರಽ!"

ಮೂರು: ಪಾರ್ವತಿಯವರ ಮನಿ

ಅಬ್ಬಿಗೇರಿ ತವರುಮನ್ಯಾಗ ಈ ಸೊಸಿ ಹೆಸರು ಪಾರ್ವತಿ. ಇಲ್ಲಿ ಅತ್ತಿ ಹೆಸರೂ ಪಾರ್ವತಿ. ಮಗ ಆದಾಂವ ಹೆಂಡತಿನ್ನ ಅವ್ವನ ಹೆಸರು ಹಿಡದು ಒದರಲೇನು? ಅದಕ್ಕ ಲಗ್ನದಾಗ ಹೆಸರು ಬದಲಿಸಿ ದೀಪಾ ಅಂತ ಇಟ್ರು. ಕಾಗದದಾಗ ಮಾತ್ರ ಪಾರ್ವತೀನಽ ಉಳೀತು. ಓಣಿ ಅದನ್ನ ಮರತಽ ಬಿಟ್ಟಿತ್ತು.

ಬಾಯಾರು ರೋಣದಾಗ ಬಸ್ ಬದಲಸಬೇಕಂತ ಶನಿವಾರ ಸೊಸಿ ಅವರನ್ನ ಕರಕೊಂಡು ಬರಾಕ ಅಲ್ಲಿನ ಬಸ್‌ಸ್ಟ್ಯಾಂಡಿಗೆ ಹೋದ್ಲು, ಫೋನು ಮನ್ಯಾಗಽ ಚಾರ್ಜಿಗೆ ಹಚ್ಚಿ ಮರತು. ಬಾಯಾರಿಗೆ ನೋಡಿದ್ರ ನರಗುಂದದಾಗಽ ಸೀದಾ ಗಜೇಂದ್ರಗಡದ ಬಸ್ ಸಿಕ್ತು. ನಮ್ಮ ಕಟ್ಟಿಗೆ ಬಂದು ನನ್ನ ಕೇಳಿದ್ರು: "ಪಾರ್ವತಿಯವರ ಮನಿ ಯಾವುದ್ರಿ?"

"ಇದಽ ನೋಡ್ರಿ. ಏ ಪಾರೂ! ಯಾರೋ ಬಂದಾರ ಬಾ!"

ಅತ್ತಿ ಹೊರಗ ಬಂದ್ಲು. ಬಾಯಾಗ ಹಲ್ಲು ಮೂರು, ಸೊಂಟಕ್ಕ ಎಲಿ-ಅಡಿಕಿ ಚೀಲ. ಬಾಯಾರು ಗಾಬರಿಯಾದ್ರು. "ಫೋನಿನ್ಯಾಗ ದನಿ ಸಣ್ಣ ವಯಸ್ಸಿಂದು ಅನಿಸಿತ್ರಿ."

"ಇವತ್ತ ನೆಗಡಿ ಆಗೈತ್ರಿ" ಅಂದ್ಲು ಅತ್ತಿ. ಆಕಿ ತಿಳಕೊಂಡದ್ದು, ಮುದುಕರ ಪಿಂಚಣಿ ತಪಾಸಣಿಗೆ ಸಾಹೇಬರು ಬಂದಾರಂತ. ಏನು ಕೇಳಿದ್ರೂ ಹೌದು ಅನ್ನೂದು ಅಂತ ಗಟ್ಟಿ ಮಾಡಿದ್ಲು.

ಬಾಯಾರು ಕಾರ್ಡ್ ನೋಡಿದ್ರು. ಹೆಸರು, ಅಡ್ಡಹೆಸರು, ಮನಿ ನಂಬರ್, ಎಲ್ಲಾ ಬರೋಬ್ಬರಿ.

"ವಿಳಾಸ ಬದಲಾಗೇತಲ್ರಿ?"

"ಹೌದ್ರಿ. ಮೊದಲ ಮುಶಿಗೇರಿ, ಈಗ ಇಲ್ಲೆ."

ಬಾಯಾರಿಗೆ ಇನ್ನೂ ಸಂಶೆ. "ಗುರುತಿನ ಅಂಕಿ ನಲವತ್ತೂ ಹೇಳ್ರಿ ನೋಡೂಣು."

ಅದು ನಮ್ಮ ಓಣ್ಯಾಗ ಯಾರಿಗೆ ಬರೂದಿಲ್ಲ? ಅತ್ತಿ ಒಂದಽ ಉಸರಿನ್ಯಾಗ ಹೇಳಿದ್ಲು. ಬಾಯಾರು ಎರಡೂ ಕೈ ಮುಗದ್ರು. "ನನ್ನ ಗುರುತು ನನಗಽ ನೋಡದ ಹೇಳಾಕ ಬರೂದಿಲ್ಲ. ಈ ವಯಸ್ಸಿನ್ಯಾಗ ನೀವು… ಧನ್ಯ ತಾಯಿ!"

ನಾಕು: ಸಾಕ್ಷಿ

ಐದೂವರಿ ಆಗಿತ್ತು. ಬಾಯಾರು ಕಂಪ್ಯೂಟರ್ ತಗದು ಇನ್ನೇನು ಸಹಿ ಒತ್ತಬೇಕು, ರೋಣದಾಗ ಕಾದು ಕಾದು ಸಾಕಾದ ಸೊಸಿ ಓಡಿ ಬಂದ್ಲು. "ಮೇಡಂ, ಪಾರ್ವತಿ ನಾನ್ರಿ!"

"ಮತ್ತ ಇವರು?"

"ನಮ್ಮ ಅತ್ಯಾರು. ಅವರೂ ಪಾರ್ವತಿ."

ಸೊಸಿ ಕಾರ್ಡ್ ತೋರಿಸಿದ್ಲು. ಅದಽ ಹೆಸರು, ಅದಽ ಅಡ್ಡಹೆಸರು, ಅದಽ ಮನಿ. ಬಾಯಾರು ಕಂಪ್ಯೂಟರ್ ಟಪ್ ಅಂತ ಮುಚ್ಚಿದ್ರು. "ಒಂದು ಮನಿ, ಎರಡು ಪಾರ್ವತಿ. ಖರೇ ಯಾರು, ಸುಳ್ಳ ಯಾರು? ನನ್ನ ಕಡಿಂದ ಸಹಿ ಆಗೂದಿಲ್ಲ."

ಸೊಸಿ ಕಣ್ಣಾಗ ನೀರು ತುಂಬಿದ್ವು. ಆರಕ್ಕ ಇಪ್ಪತ್ತು ನಿಮಿಷ ಇತ್ತು. ಮನಿ ತೋರಿಸಿದಾಕಿ ನಾನಽ, ಸುಮ್ಮನ ಕುಂದ್ರಲಿ ಹ್ಯಾಂಗ? ಎದ್ದು ನಿಂತೆ. "ಬಾಯಾರಽ, ಕಂಪ್ಯೂಟರ್ ಕೆಲಸದಾಕಿ ಈಕಿನಽ. ನಾ ಸಾಕ್ಷಿ."

"ಈಕಿ ನಿಮಗ ಎಷ್ಟು ಗೊತ್ತು?"

"ಎಷ್ಟಂತ ಹೇಳಲಿ? ಮುಂಜಾನೆ ಏಳಕ್ಕ ಏಳತಾಳ, ಅತ್ತಿ ಮುಂದ ಐದು ಅಂತಾಳ. ದವಾಖಾನಿ ಕಾಗದ ಬಂದ ದಿನ ಅನ್ನ ಹೊತ್ತಸತಾಳ, ಬೆಕ್ಕು ಬಾಯಿ ಹಾಕ್ತು ಅಂತ ಚೆಲ್ಲತಾಳ. ಈ ಕೆಲಸದಾಗ ಹೊತ್ತು ಸಾಲೂದಿಲ್ಲಂತ ಎರಡು ವರ್ಷಾತು, ಜ್ವಾಳದ ರೊಟ್ಟಿ ಹೊರಗಿಂದ ತರಸತಾಳ, ನಾನಽ ಬಡದೀನಿ ಅಂತ ಅತ್ತಿಗೆ ನೀಡತಾಳ!"

ಬಾಯಾರು ನಕ್ಕೋತ ಮತ್ತ ಕಂಪ್ಯೂಟರ್ ತಗದ್ರು. "ಎಷ್ಟು ತಪಾಸ ಮಾಡೀರಿ ಅಂತ ಇದು ಕೇಳತೈತಿ. ಉತ್ತರ ಮೂರು ಅದಾವು: ಮಾಡಿಲ್ಲ, ಮ್ಯಾಲಮ್ಯಾಲ ಮಾಡೀನಿ, ಭಾಳ ಕಟ್ಟುನಿಟ್ಟ ಮಾಡೀನಿ" ಅಂತ ಓದಿ, ನನ್ನ ಮಾರಿ ಒಮ್ಮೆ ನೋಡಿ, ಕಡೇದನ್ನ ಒತ್ತಿದ್ರು. ಆರಕ್ಕ ಐದು ನಿಮಿಷ ಇದ್ದಾಗ ಸೊಸಿ "ಆತು ಆಯೀ!" ಅಂದ್ಲು.

ಅತ್ತಿ ಸೊಸಿನ್ನ ದಾಟಿ ಸೀದಾ ನನ್ನ ಮುಂದ ಬಂದು ನಿಂತ್ಲು.

"ನನ್ನ ಮನ್ಯಾಗ ಸಾರಿಗೆ ಉಪ್ಪು ಹೆಚ್ಚಾದ್ರ ನನಕಿಂತ ಮೊದಲ ಊರಿಗೆ ಹೇಳಾಕಿ ನೀನು. ರೊಟ್ಟಿ ಸುದ್ದಿ ಎರಡು ವರ್ಷ ಹೊಟ್ಟ್ಯಾಗ ಹ್ಯಾಂಗ ಇಟಗೊಂಡಿ?"

ಹ್ಯಾಂಗ ಹೇಳಲಿ? ಆ ರೊಟ್ಟಿ ಬಡದು ಕೊಡಾಕಿ ನಾನಽ.